ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಸಲೇ? ನುಡಿಯಲ್ಲಿ ಟೈಪ್ ಮಾಡಿದ ಹಾಡುಗಳು ಏನಾಗುತ್ತವೆ?

ಪ್ರಶ್ನೆ: ನಾನು ಶಿರಸಿ ಕಡೆಯ ನಿವೃತ್ತ ಪ್ರೌಢಶಾಲಾ ಶಿಕ್ಷಕಿ. 2017ರಲ್ಲಿ ಕೊಂಡ ಲ್ಯಾಪ್‌ಟಾಪ್ ಇದೆ. ಇಂಟೆಲ್ ಐ3, ಏಳನೇ ತಲೆಮಾರು, 4 ಜಿಬಿ ರ‍್ಯಾಮ್, ಹಾರ್ಡ್‌ಡಿಸ್ಕ್. ಅದರಲ್ಲಿರೋ ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಬರೋದಿಲ್ಲವಂತೆ. ವಿಂಡೋಸ್ 11 ಇದಕ್ಕೆ ಆಗೋದಿಲ್ಲವಂತೆ. ಅಂಗಡಿಯವರು ಹೊಸದು ತಗೊಳ್ಳಿ ಅಂತಾರೆ. ಬೆಂಗಳೂರಿನಲ್ಲಿರೋ ಮೊಮ್ಮಗ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಡ್ತೀನಿ, ಅದು ಓಪನ್ ಸೋರ್ಸ್, ಅಂದ್ರೆ ಅದರ ಕೋಡ್ ಎಲ್ಲರಿಗೂ ತೆರೆದಿರುತ್ತೆ, ದುಡ್ಡೇ ಬೇಡ ಅಂತಾನೆ. ನನ್ನ ಹತ್ತಿರ ನುಡಿ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದ ಹಳ್ಳಿ ಹಾಡುಗಳ ದೊಡ್ಡ ಸಂಗ್ರಹ ಇದೆ. ಅದೆಲ್ಲ ಏನಾಗುತ್ತೆ? ಬಿಟ್ಟಿ ಸಿಗೋ ಸಾಫ್ಟ್‌ವೇರ್‌ಗೆ ಯಾರು ಹೊಣೆ? ಕೋಡ್ ಎಲ್ಲರಿಗೂ ಕಾಣುತ್ತೆ ಅಂದ್ರೆ ಕಳ್ಳರಿಗೂ ಕಾಣುತ್ತಲ್ವಾ? ಇನ್ನೊಂದು, ಫೋನಿನಲ್ಲಿ ಹೊರಗಿನ ಆ್ಯಪ್ ಹಾಕೋಕೆ ಗೂಗಲ್ ಬಿಡೋದಿಲ್ಲ ಅನ್ನೋ ಸುದ್ದಿ ನಿಜವೇ?

ಉತ್ತರ: ಅಕ್ಕೋರೇ, ನಿಮ್ಮ ಪತ್ರದಲ್ಲಿ ಲ್ಯಾಪ್‌ಟಾಪ್ ಮೊದಲು ಬಂದಿದೆ, ಹಾಡುಗಳು ಆಮೇಲೆ. ನನಗೆ ಹಾಡುಗಳೇ ಮುಖ್ಯ ಅನಿಸಿತು. ಲ್ಯಾಪ್‌ಟಾಪ್ ಕೆಟ್ಟರೆ ಇನ್ನೊಂದು ತರಬಹುದು. ಹಾಡು ಹೇಳಿಕೊಟ್ಟವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನಿಮ್ಮದೇ ಜಿಲ್ಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಹಾಗಾಗಿ ಈ ಉತ್ತರದಲ್ಲಿ ಫೈಲುಗಳ ಮಾತೇ ಜಾಸ್ತಿ ಇರುತ್ತದೆ. ಆದರೂ ಯಂತ್ರದ ವಿಷಯಕ್ಕೆ ಗಡುವು ಇರುವುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ವಿಂಡೋಸ್ 10 ಬಂದಿದ್ದು 2015ರ ಜುಲೈನಲ್ಲಿ. ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಅಂದರೆ ನಿಮ್ಮ ಲ್ಯಾಪ್‌ಟಾಪ್ ಆ ದಿನ ಕೆಡಲಿಲ್ಲ. ಅದರಲ್ಲಿ ಹೊಸದಾಗಿ ಕಾಣುವ ತೂತುಗಳನ್ನು ಮುಚ್ಚುವ ಕೆಲಸ ನಿಂತಿತು, ಅಷ್ಟೇ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಭಾಗ ಬೇಕು. ಜೊತೆಗೆ ಪ್ರೊಸೆಸರ್‌ಗಳ ಒಂದು ಪಟ್ಟಿ ಇದೆ. ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳೆಯವನ್ನು, ಬೆರಳೆಣಿಕೆಯಷ್ಟನ್ನು ಬಿಟ್ಟು, ಆ ಪಟ್ಟಿಗೆ ಸೇರಿಸಲಿಲ್ಲ. ನಿಮ್ಮದು ಒಂದೇ ಒಂದು ತಲೆಮಾರಿನಿಂದ ಹೊರಗುಳಿಯಿತು. ಬರೆಯಲು, ಓದಲು, ವಿಡಿಯೋ ನೋಡಲು ಈಗಲೂ ಸಾಕಾಗುವ ಯಂತ್ರವನ್ನು ಹೀಗೆ ದಿನ ಗೊತ್ತುಮಾಡಿ ಮೂಲೆಗೆ ಕೂರಿಸುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಂತ ಏನೂ ಮಾಡದೆ ಅದನ್ನೇ ಇಂಟರ್‌ನೆಟ್‌ಗೆ ಜೋಡಿಸಿ ಬಳಸುತ್ತಾ ಹೋಗಬೇಡಿ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದಾಳಿ ಆಯಿತು. ಬ್ರಿಟನ್‌ನ ಆಸ್ಪತ್ರೆಗಳಲ್ಲಿ ಕಂಪ್ಯೂಟರ್‌ಗಳು ಲಾಕ್ ಆಗಿ ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಆ ತೂತಿಗೆ ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ ತೇಪೆ ಕೊಟ್ಟಿತ್ತು. ಸಿಕ್ಕಿಹಾಕಿಕೊಂಡವರು ಆ ಅಪ್‌ಡೇಟ್ ಹಾಕದವರು, ಅಥವಾ ಅಪ್‌ಡೇಟೇ ಬಾರದ ಹಳೆಯ ವಿಂಡೋಸ್ ಇಟ್ಟುಕೊಂಡಿದ್ದವರು. ಅಪ್‌ಡೇಟ್ ಇಲ್ಲ ಎಂದರೆ ಏನಾಗಬಹುದು ಎಂಬುದಕ್ಕೆ ಇಷ್ಟು ಸಾಕು.

ಸ್ವಲ್ಪ ಸಮಯ ಗಿಟ್ಟಿಸಿಕೊಳ್ಳಲು ಒಂದು ದಾರಿ ಇದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್‌ಗಳನ್ನು ಮಾತ್ರ ಕೊಡುವ ಯೋಜನೆಯನ್ನು ಮೈಕ್ರೋಸಾಫ್ಟ್ ತಂದಿತು. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಚಾಲೂ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ. ಬ್ಯಾಕಪ್ ಬೇಡ ಎಂದರೆ 30 ಡಾಲರ್. ನಿಮ್ಮ ವಿಂಡೋಸ್ 22ಎಚ್2 ಆವೃತ್ತಿಯದ್ದಾಗಿರಬೇಕು. ಸೆಟ್ಟಿಂಗ್ಸ್ ಒಳಗೆ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರಿಕೊಳ್ಳುವ ಗುಂಡಿ ಕಾಣಿಸುತ್ತದೆ. ಮೊಮ್ಮಗ ಊರಿಗೆ ಬರುವವರೆಗೂ ಇದು ನಿಮ್ಮನ್ನು ಕಾಯುತ್ತದೆ. ಆ ಸಮಯವನ್ನು ಹಾಡುಗಳಿಗೆ ಬಳಸಿಕೊಳ್ಳಿ.

ಈಗ ಹಾಡುಗಳ ವಿಷಯ. ನುಡಿ ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಕನ್ನಡ ಗಣಕ ಪರಿಷತ್ತು ಅದನ್ನು ರೂಪಿಸಿ ಹಂಚದಿದ್ದರೆ ನಮ್ಮ ಸರ್ಕಾರಿ ಕಚೇರಿಗಳಲ್ಲಿ, ಶಾಲೆಗಳಲ್ಲಿ ಕನ್ನಡ ಟೈಪಿಂಗ್ ಇಷ್ಟು ಹರಡುತ್ತಿರಲಿಲ್ಲ. ಆದರೆ ಆ ಕಾಲದ ನುಡಿ ಫಾಂಟ್‌ಗಳು, ಬರಹ ಮತ್ತು ಶ್ರೀಲಿಪಿ ಫಾಂಟ್‌ಗಳ ಹಾಗೆಯೇ, ಒಂದು ಉಪಾಯದ ಮೇಲೆ ನಿಂತಿದ್ದವು. ಕಂಪ್ಯೂಟರ್ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ಸಾಲು. ಅವುಗಳ ಮೇಲೆ ಕನ್ನಡದ ತಲೆಕಟ್ಟು, ಗುಣಿಸು, ಒತ್ತುಗಳ ಚಿತ್ರ ಕೂರಿಸುವುದು ಫಾಂಟಿನ ಕೆಲಸ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಇಮೇಲ್‌ನಲ್ಲಿ ಕಳಿಸಿದ ಫೈಲ್ ಹಾಗೆ ಬಂದಿದ್ದನ್ನು ನೀವೂ ನೋಡಿರುತ್ತೀರಿ.

ಅಂದರೆ, ಖಾರವಾಗಿ ಹೇಳಬೇಕೆಂದರೆ, ನಿಮ್ಮ ಸಂಗ್ರಹ ಕಂಪ್ಯೂಟರ್ ಲೆಕ್ಕದಲ್ಲಿ ಇನ್ನೂ ಕನ್ನಡವೇ ಆಗಿಲ್ಲ. ಹೊಸ ಲ್ಯಾಪ್‌ಟಾಪ್ ಕೊಂಡು ವಿಂಡೋಸ್ 11 ಹಾಕಿಸಿದರೂ ಈ ಸ್ಥಿತಿ ಬದಲಾಗುವುದಿಲ್ಲ. ಅಂಗಡಿಯವರೂ ಇದನ್ನು ಹೇಳುವುದಿಲ್ಲ, ಲಿನಕ್ಸ್ ಉತ್ಸಾಹಿಗಳೂ ಹೇಳುವುದಿಲ್ಲ. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಗೊತ್ತುಮಾಡಿದ ಪದ್ಧತಿ. ಕನ್ನಡಕ್ಕೆ ಅದರಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ. ಇಂದು ಫೋನಿನಲ್ಲಿ, ವಾಟ್ಸಾಪ್‌ನಲ್ಲಿ, ಎಲ್ಲ ಕಡೆ ನೀವು ನೋಡುವ ಕನ್ನಡ ಯೂನಿಕೋಡೇ. ನಿಮ್ಮ ಹಾಡುಗಳನ್ನು ಅಲ್ಲಿಗೆ ತರುವುದು ಮೊದಲ ಕೆಲಸ. ಇದನ್ನು ಲಿನಕ್ಸ್ ಹಾಕಿದ ಮೇಲಲ್ಲ, ಈಗಲೇ, ನುಡಿ ಮತ್ತು ವರ್ಡ್ ಎರಡೂ ನಡೆಯುತ್ತಿರುವಾಗಲೇ ಮಾಡಿಬಿಡಿ.

ಮೊದಲು ಇಡೀ ಫೋಲ್ಡರ್‌ನ ಎರಡು ಪ್ರತಿ ತೆಗೆಯಿರಿ. ಒಂದು ನಿಮ್ಮ ಹತ್ತಿರ ಪೆನ್‌ಡ್ರೈವ್‌ನಲ್ಲಿ, ಇನ್ನೊಂದು ಬೆಂಗಳೂರಿನಲ್ಲಿ ಮೊಮ್ಮಗನ ಹತ್ತಿರ. ಆಮೇಲೆ ಪ್ರತಿ ಫೈಲನ್ನೂ ಈಗ ಸರಿಯಾಗಿ ಕಾಣುತ್ತಿರುವಂತೆಯೇ ಪಿಡಿಎಫ್ ಮಾಡಿಡಿ. ಪಿಡಿಎಫ್ ಒಳಗೆ ಫಾಂಟ್ ಸೇರಿಕೊಳ್ಳುವುದರಿಂದ ಅದು ಯಾವ ಯಂತ್ರದಲ್ಲಿ ತೆರೆದರೂ ಹಾಗೇ ಕಾಣುತ್ತದೆ. ಪರಿವರ್ತನೆಯಲ್ಲಿ ಎಲ್ಲಿ ತಪ್ಪಾಗಿದೆ ಎಂದು ಹೋಲಿಸಿ ನೋಡಲು ನಿಮಗೆ ಅದೇ ಆಧಾರ. ಬಹಳ ಜನ ಈ ಹೆಜ್ಜೆ ಬಿಟ್ಟುಬಿಡುತ್ತಾರೆ. ಆಮೇಲೆ ಮೂಲದಲ್ಲಿ ಏನಿತ್ತು ಎಂದೇ ತಿಳಿಯದೆ ಒದ್ದಾಡುತ್ತಾರೆ.

ಹಳೆಯ ಫೈಲನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ನುಡಿಯ ಜೊತೆಗೂ ಬರುತ್ತವೆ, ಬರಹದಲ್ಲೂ ಇವೆ. ಕನ್ನಡದ ಉತ್ಸಾಹಿ ಪ್ರೋಗ್ರಾಮರ್‌ಗಳು ಬರೆದು ಕೋಡ್ ಸಮೇತ ಹಂಚಿದವೂ ಇವೆ. ಯಾವುದನ್ನೇ ಬಳಸಿ, ಕೆಲವು ಜಾಗಗಳಲ್ಲಿ ಕಣ್ಣಿಡಬೇಕು. ಹಳೆಯ ಫಾಂಟ್‌ಗಳಲ್ಲಿ ಅರ್ಕಾವೊತ್ತು ಅಕ್ಷರದ ನಂತರ ಕೂರುತ್ತದೆ, ಕಣ್ಣಿಗೆ ಕಾಣುವ ಕ್ರಮದಲ್ಲೇ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಹಾಗಾಗಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಬೇಕು. ಒತ್ತಕ್ಷರಕ್ಕೆ ಗುಣಿಸು ಸೇರಿದಾಗಲೂ ಹೀಗೆಯೇ ಜಾಗ ಅದಲುಬದಲು ಆಗಬೇಕು. ಒಳ್ಳೆಯ ಪರಿವರ್ತಕ ಇದನ್ನು ಸರಿಯಾಗಿ ಮಾಡುತ್ತದೆ. ಆದರೂ ಮೂರು ಅಕ್ಷರ ಕೂಡಿದ ಕಡೆ ಎಡವುವುದುಂಟು. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡ ಎಂದು ತಿಳಿದು ಕಲಸಿಬಿಡಬಹುದು. ಇನ್ನು ಹಾಡುಗಳದ್ದೇ ಒಂದು ವಿಶೇಷ ಇದೆ. ರಾಗ ಎಳೆಯುವುದನ್ನು ತೋರಿಸಲು ನೀವು ‘ಽ’ ಗುರುತು ಹಾಕಿರುತ್ತೀರಿ, ‘ಬಾರೋ ಽಽ’ ಅನ್ನುವ ಹಾಗೆ. ಅದು ಮಾಯವಾಗದೆ ಉಳಿದಿದೆಯೇ ಎಂದು ಮೊದಲ ಫೈಲಿನಲ್ಲೇ ನೋಡಿ. ಹಾಡಿಗೆ ಅದೂ ಅಕ್ಷರದಷ್ಟೇ ಮುಖ್ಯ, ಅಲ್ವಾ?

ಒಂದು ಫೈಲ್ ಪೂರ್ತಿ ತಿದ್ದಿದ ಮೇಲೆ ಉಳಿದವಕ್ಕೆ ಕೈ ಹಾಕಿ. ಒಂದೇ ಪರಿವರ್ತಕ ಒಂದೇ ಥರದ ತಪ್ಪು ಮಾಡುತ್ತದೆ. ಆ ತಪ್ಪುಗಳ ಪಟ್ಟಿ ಸಿಕ್ಕರೆ ಎಲ್ಲ ಫೈಲುಗಳಲ್ಲೂ ಒಟ್ಟಿಗೆ ಹುಡುಕಿ ಬದಲಿಸಬಹುದು. ಉಳಿಸುವಾಗ ಒಡಿಟಿ ರೂಪದಲ್ಲಿ ಒಂದು, ಬರೀ ಟೆಕ್ಸ್ಟ್ ಫೈಲಾಗಿ ಇನ್ನೊಂದು ಉಳಿಸಿ. ಒಡಿಟಿ ಎಂಬುದು 2006ರಲ್ಲಿ ಐಎಸ್ಒ ಮಾನದಂಡವಾದ, ಯಾವ ಒಂದು ಕಂಪನಿಗೂ ಸೇರದ ರೂಪ. ಬರೀ ಟೆಕ್ಸ್ಟ್ ಅಂತೂ ಯಾವ ಸಾಫ್ಟ್‌ವೇರ್‌ನಲ್ಲೂ ತೆರೆಯುತ್ತದೆ. ಆಮೇಲೆ ‘ಸೋಬಾನೆ’ ಎಂದು ಹುಡುಕಿದರೆ ಇಡೀ ಸಂಗ್ರಹದಲ್ಲಿ ಆ ಪದ ಎಲ್ಲೆಲ್ಲಿದೆ ಎಂದು ಸಿಗುತ್ತದೆ. ಕಣ್ಣು ಕಾಣದವರು ಪರದೆ ಓದುವ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಹಾಡುಗಳನ್ನು ಕೇಳಬಹುದು. ಇವೆರಡೂ ಹಳೆಯ ಫಾಂಟಿನ ಫೈಲಿನಲ್ಲಿ ಸಾಧ್ಯವಿರಲಿಲ್ಲ.

ಮುಂದೆ ಪುಸ್ತಕ ಮಾಡಲು ಹೊರಟರೆ ಮುದ್ರಣದವರು ಮತ್ತೆ ನುಡಿಯಲ್ಲೇ ಕೊಡಿ ಎನ್ನಬಹುದು. ಪೇಜ್‌ಮೇಕರ್ ಬಳಸುವ ಡಿಟಿಪಿ ಅಂಗಡಿಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ, ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಬೇಕಾದಾಗ ಯೂನಿಕೋಡ್‌ನಿಂದ ನುಡಿಗೆ ತಿರುಗಿಸಿ ಒಂದು ಪ್ರತಿ ಕೊಡಿ. ಆದರೆ ನಿಮ್ಮ ಮೂಲ ಪ್ರತಿ ಯೂನಿಕೋಡ್‌ನಲ್ಲೇ ಇರಲಿ. ತಿದ್ದುಪಡಿ ಏನಿದ್ದರೂ ಮೊದಲು ಅದರಲ್ಲೇ ಆಗಲಿ.

ಇಷ್ಟಾದ ಮೇಲೆ ಲಿನಕ್ಸ್ ಪ್ರಶ್ನೆ ಸುಲಭ. ನಿಮ್ಮ ಮೊಮ್ಮಗ ಹೇಳಿದ್ದು ಸರಿ, ಹಾಕಿಸಿ. ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ, ಯಾವುದು ಎಂದು ಕೇಳಿದರೆ ಲಿನಕ್ಸ್ ಮಿಂಟ್ ಎನ್ನುತ್ತೇನೆ. ಅದರಲ್ಲಿ ಎಕ್ಸ್‌ಎಫ್‌ಸಿಇ ಎಂಬ ಹಗುರ ಆವೃತ್ತಿ ಇದೆ, 4 ಜಿಬಿ ಯಂತ್ರಕ್ಕೆ ಅದೇ ಸರಿ. ಮಿಂಟ್ 22ರ ಸಾಲಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ವಿಂಡೋಸ್ ಬಳಸಿದವರಿಗೆ ಕೆಳಗಿನ ಪಟ್ಟಿ, ಮೆನು ಎಲ್ಲ ಗುರುತು ಸಿಗುವ ಹಾಗೇ ಇರುತ್ತದೆ. ಇಳಿಸಿಕೊಳ್ಳಬೇಕಾದ ಫೈಲ್ ಸುಮಾರು 3 ಜಿಬಿ. ನಿಮ್ಮಲ್ಲಿ ನೆಟ್ ನಿಧಾನ ಇದ್ದರೆ ಬೆಂಗಳೂರಿನಲ್ಲೇ ಇಳಿಸಿಕೊಂಡು ಪೆನ್‌ಡ್ರೈವ್‌ನಲ್ಲಿ ತರಲು ಹೇಳಿ. ಆ ಪೆನ್‌ಡ್ರೈವ್‌ನಿಂದಲೇ ಲ್ಯಾಪ್‌ಟಾಪ್ ಚಾಲೂ ಮಾಡಿ, ಏನನ್ನೂ ಅಳಿಸದೆ, ಒಂದೆರಡು ದಿನ ಬಳಸಿ ನೋಡಬಹುದು. ವೈಫೈ ಬರುತ್ತದೆಯೇ, ಸದ್ದು ಕೇಳುತ್ತದೆಯೇ, ಮುಚ್ಚಿ ತೆರೆದರೆ ಏಳುತ್ತದೆಯೇ ಎಂದು ಆಗಲೇ ಗೊತ್ತಾಗುತ್ತದೆ. ಪೆನ್‌ಡ್ರೈವ್‌ನಿಂದ ನಡೆಯುವಾಗ ನಿಧಾನ ಇರುತ್ತದೆ, ಅದನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ.

ನಿಮ್ಮ ಬೆರಳುಗಳಿಗೆ ನುಡಿಯ ಕೀಲಿಮಣೆ ರೂಢಿ ಆಗಿದೆ. ಕೆ.ಪಿ. ರಾವ್ ಅವರು ರೂಪಿಸಿದ ಉಚ್ಚಾರ ಆಧಾರಿತ ಆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ ಹಾಕಿ, ಅದಕ್ಕೆ ಎಂ17ಎನ್ ಪ್ಯಾಕೇಜ್ ಸೇರಿಸಿದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಎಂದು ಕಾಣಿಸುತ್ತದೆ. ಮೊಮ್ಮಗನಿಗೆ ಒಂದು ಎಚ್ಚರಿಕೆ ಹೇಳಿ: ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ನೇರವಾಗಿ ಕಾಣುವ ಕಗಪ ವಿನ್ಯಾಸ ಬೇರೆ. ಅದರಲ್ಲಿ ಸ್ವರ ಮತ್ತು ಗುಣಿಸು ಬೇರೆ ಬೇರೆ ಕಡೆ ಒತ್ತಬೇಕಾಗುತ್ತದೆ. ಐಬಸ್ ಮೂಲಕ ಬರುವುದೇ ನಿಮಗೆ ಬೇಕಾದದ್ದು. ಫಾಂಟ್‌ಗಳಿಗೆ ಬರ ಇಲ್ಲ. ಲೋಹಿತ್, ನೋಟೋ, ನಮ್ಮವರೇ ಹೆಸರಿಟ್ಟ ಗುಬ್ಬಿ, ನವಿಲು ಎಲ್ಲ ದುಡ್ಡಿಲ್ಲದೆ ಸಿಗುತ್ತವೆ. ಹಳೆಯ ನುಡಿ ಫಾಂಟ್ ಫೈಲುಗಳನ್ನೂ ನಕಲು ಮಾಡಿ ಹಾಕಿಕೊಳ್ಳಬಹುದು, ಆಗ ಪರಿವರ್ತಿಸದೆ ಉಳಿದ ಫೈಲುಗಳೂ ಓದಲು ಬರುತ್ತವೆ.

ವರ್ಡ್ ಬದಲು ಲಿಬ್ರೆಆಫೀಸ್ ಮಿಂಟ್ ಜೊತೆಗೇ ಬರುತ್ತದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಬೇರೆಯಾಗಿ ಬೆಳೆದದ್ದು ಅದು. ಬರೆಯಲು, ಪುಟ ಜೋಡಿಸಲು, ಪಿಡಿಎಫ್ ಮಾಡಲು ನಿಮಗೆ ಯಾವ ಕೊರತೆಯೂ ಆಗದು. ಬೇರೆಯವರು ಕಳಿಸಿದ ವರ್ಡ್ ಫೈಲಿನಲ್ಲಿ ಕೋಷ್ಟಕ, ಚಿತ್ರ ಜಾಸ್ತಿ ಇದ್ದರೆ ಸಾಲುಗಳು ಆಚೀಚೆ ಸರಿದಿರಬಹುದು, ಅದು ಇಂದಿಗೂ ಇರುವ ತೊಂದರೆ. ಬ್ಯಾಂಕಿನ ಕೆಲಸ, ಪಿಂಚಣಿ ಪುಟ, ಯೂಟ್ಯೂಬ್ ಎಲ್ಲ ಬ್ರೌಸರ್‌ನಲ್ಲೇ ಆಗುವುದರಿಂದ ಅಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ.

ಎಲ್ಲರಿಗೂ ನಾನು ಲಿನಕ್ಸ್ ಹಾಕಿ ಎನ್ನುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಇಡುವ ಅಂಗಡಿಯವರಿಗೆ ಬೇಡ, ಅದು ವಿಂಡೋಸ್‌ಗೆ ಮಾಡಿದ್ದು. ಡಿಜಿಟಲ್ ಸಹಿಯ ಡಾಂಗಲ್ ಚುಚ್ಚಿ ಸರ್ಕಾರಿ ಪುಟಗಳಲ್ಲಿ ಕೆಲಸ ಮಾಡುವವರು ಮೊದಲು ಪರೀಕ್ಷಿಸಿ ನೋಡಬೇಕು. ಪ್ರಿಂಟರ್ ಅಂತೂ ಎಲ್ಲರೂ ನೋಡಿಕೊಳ್ಳಬೇಕಾದ ವಿಷಯ. ಎಚ್‌ಪಿಯ ಬಹುತೇಕ ಪ್ರಿಂಟರ್‌ಗಳಿಗೆ ಲಿನಕ್ಸ್ ಡ್ರೈವರ್ ಇದೆ, ಎಪ್ಸನ್‌ನ ಇಂಕ್‌ಟ್ಯಾಂಕ್‌ಗಳೂ ಸಾಮಾನ್ಯವಾಗಿ ನಡೆಯುತ್ತವೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ಲಿನಕ್ಸ್‌ನಲ್ಲಿ ಹಠ ಮಾಡುತ್ತದೆ. ನಿಮ್ಮ ಮನೆಯಲ್ಲಿ ಅದೇ ಇದ್ದರೆ ಪಿಡಿಎಫ್ ಮಾಡಿ ಅಂಗಡಿಗೆ ಕಳಿಸುವುದೇ ನೆಮ್ಮದಿ.

ಒಂದು ಖರ್ಚು ಮಾತ್ರ ಮಾಡಿ. ನಿಮ್ಮ ಲ್ಯಾಪ್‌ಟಾಪ್ ನಿಧಾನವಾಗಿರಲು ಮುಖ್ಯ ಕಾರಣ ಪ್ರೊಸೆಸರ್ ಅಲ್ಲ, ಒಳಗೆ ತಿರುಗುತ್ತಿರುವ ಹಾರ್ಡ್‌ಡಿಸ್ಕ್. ಅದನ್ನು ತೆಗೆದು, ತಿರುಗುವ ಭಾಗವೇ ಇಲ್ಲದ 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ, 256 ಜಿಬಿ ಸಾಕು. ಹಳೆಯ ಹಾರ್ಡ್‌ಡಿಸ್ಕನ್ನು ಅಳಿಸದೆ ಹಾಗೇ ಎತ್ತಿಡಿ, ಅದೇ ಮೂರನೇ ಬ್ಯಾಕಪ್ ಆಯಿತು. ರ‍್ಯಾಮ್ ಕೂಡ 8 ಜಿಬಿಗೆ ಏರಿಸಬಹುದು, ಆದರೆ ಬೆಲೆ ವಿಚಾರಿಸಿ ಆಮೇಲೆ ನಿರ್ಧರಿಸಿ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಮೈಕ್ರಾನ್ ಕಂಪನಿಯಂತೂ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಚಿಪ್ ಬೆಲೆ ಏರಿದರೆ ಹೊಸ ಲ್ಯಾಪ್‌ಟಾಪ್‌ಗಳ ಬೆಲೆಯೂ ಏರುತ್ತದೆ. ಹಾಗಾಗಿ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಉಳಿಸಿಕೊಳ್ಳಲು ಈಗ ಇನ್ನೂ ಒಂದು ಕಾರಣ ಸಿಕ್ಕ ಹಾಗಾಯಿತು.

ಇನ್ನು ಹೊಣೆ ಯಾರದು ಎಂಬ ಪ್ರಶ್ನೆ. ಇದು ಬಹಳ ಒಳ್ಳೆಯ ಪ್ರಶ್ನೆ, ತಂತ್ರಜ್ಞರೇ ಸರಿಯಾಗಿ ಕೇಳಿಕೊಳ್ಳದ ಪ್ರಶ್ನೆ. ಓಪನ್ ಸೋರ್ಸ್ ಸಾಫ್ಟ್‌ವೇರ್‌ನ ಪರವಾನಗಿಯಲ್ಲಿ ಯಾವ ಖಾತರಿಯೂ ಇಲ್ಲ ಎಂದು ನೇರವಾಗಿ ಬರೆದಿರುತ್ತದೆ. ಆದರೆ ದುಡ್ಡು ಕೊಟ್ಟು ಕೊಂಡ ಸಾಫ್ಟ್‌ವೇರ್‌ನ ಒಪ್ಪಂದವನ್ನೂ ಓದಿ ನೋಡಿ. ನಿಮ್ಮ ಫೈಲ್ ಹಾಳಾದರೆ ಅವರು ಹೊರುವ ಹೊಣೆ ಸಾಮಾನ್ಯವಾಗಿ ನೀವು ಕೊಟ್ಟ ದುಡ್ಡಿನ ಮಿತಿಯೊಳಗೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದು ಕೊಟ್ಟರು. ಅದು ಬಿಟ್ಟಿ ಸಾಫ್ಟ್‌ವೇರ್ ಆಗಿರಲಿಲ್ಲ. ದೊಡ್ಡ ದೊಡ್ಡ ಕಂಪನಿಗಳು ಕೈತುಂಬ ದುಡ್ಡು ಕೊಟ್ಟು ಹಾಕಿಸಿಕೊಂಡದ್ದಾಗಿತ್ತು.

ಕಳ್ಳರಿಗೂ ಕೋಡ್ ಕಾಣುತ್ತದೆ, ನಿಜ. ಆದರೆ ಮುಚ್ಚಿಟ್ಟ ಕೋಡ್ ಅವರನ್ನು ತಡೆದಿಲ್ಲ. ಮೇಲೆ ಹೇಳಿದ ವಾನ್ನಾಕ್ರೈ ನುಗ್ಗಿದ್ದು ಮುಚ್ಚಿದ ಕೋಡಿನ ತೂತಿನಿಂದಲೇ. ಹಾಗಂತ ತೆರೆದಿಟ್ಟ ಮಾತ್ರಕ್ಕೆ ಸುರಕ್ಷಿತ ಎಂದೂ ನಾನು ಹೇಳಲಾರೆ. ಇದಕ್ಕೆ 2024ರ ಎಕ್ಸ್‌ಝಡ್ ಪ್ರಕರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಎಕ್ಸ್‌ಝಡ್ ಎಂದರೆ ಫೈಲುಗಳನ್ನು ಕುಗ್ಗಿಸುವ ಒಂದು ಸಣ್ಣ ಉಪಕರಣ. ಬಹುತೇಕ ಎಲ್ಲ ಲಿನಕ್ಸ್‌ಗಳಲ್ಲೂ ಇರುತ್ತದೆ. ಅದನ್ನು ವರ್ಷಗಟ್ಟಲೆ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಸಂಬಳವಿಲ್ಲದೆ. ಅವರು ದಣಿದಿದ್ದ ಹೊತ್ತಿನಲ್ಲಿ ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಸಹಾಯಕ್ಕೆ ಬಂದರು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿದರು. ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರವೂ ಸಿಕ್ಕಿತು. ಆಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ದೂರದಿಂದಲೇ ಸರ್ವರ್ ಒಳಗೆ ನುಗ್ಗಬಲ್ಲ ಕಳ್ಳಬಾಗಿಲನ್ನು ಇಟ್ಟರು. ಅದನ್ನು ಪರೀಕ್ಷೆಗೆಂದು ಇಟ್ಟ ಫೈಲುಗಳಲ್ಲಿ ಅಡಗಿಸಿದ್ದರು. ಅದನ್ನು ಎಬ್ಬಿಸುವ ತುಣುಕು ಎಲ್ಲರೂ ನೋಡುವ ಕೋಡ್ ಸಂಗ್ರಹದಲ್ಲಿ ಇರಲೇ ಇಲ್ಲ, ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ಹಿಡಿದದ್ದು ಮೈಕ್ರೋಸಾಫ್ಟ್‌ನಲ್ಲಿ ಕೆಲಸ ಮಾಡುವ ಆಂಡ್ರೆಸ್ ಫ್ರೌಂಡ್ ಎಂಬ ಎಂಜಿನಿಯರ್. ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ತಡವಾಗುತ್ತಿದೆಯಲ್ಲ ಎಂದು ಅವರಿಗೆ ಅನುಮಾನ ಬಂತು. ಬೆನ್ನುಹತ್ತಿ ಹೋಗಿ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಮುಖ್ಯ ಲಿನಕ್ಸ್‌ಗಳ ಸ್ಥಿರ ಆವೃತ್ತಿಗಳಿಗೆ ಅದು ಇನ್ನೂ ತಲುಪಿರಲಿಲ್ಲ. ಮಿಂಟ್‌ನಂಥವನ್ನು ಬಳಸುವ ಮನೆಮಂದಿಗೆ ಏನೂ ಆಗಲಿಲ್ಲ.

ಕೋಡ್ ತೆರೆದಿದ್ದರಿಂದಲೇ ಅವರು ಮೂಲದವರೆಗೆ ಹೋಗಿ ನೋಡಲು ಸಾಧ್ಯವಾಯಿತು. ಆದರೆ ಒಬ್ಬರ ಕುತೂಹಲದಿಂದ ಬಚಾವಾದೆವು ಎಂಬುದನ್ನು ಮರೆಯಬಾರದು. ಇದು ಊರ ಕೆರೆಯ ಹಾಗೆ. ನೀರು ಎಲ್ಲರಿಗೂ ಬೇಕು, ಹೂಳು ಎತ್ತುವವರು ಯಾರು ಎಂದು ಕೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷ ಸಿಕ್ಕಿತು. ಜಗತ್ತಿನ ಬ್ಯಾಂಕು, ಅಂಗಡಿಗಳ ವೆಬ್ ಸಂಪರ್ಕವನ್ನು ಕಾಯುತ್ತಿದ್ದ ಆ ಸಾಫ್ಟ್‌ವೇರ್‌ಗೆ ಬರುತ್ತಿದ್ದ ದೇಣಿಗೆ ವರ್ಷಕ್ಕೆ ಸುಮಾರು 2000 ಡಾಲರ್ ಎಂದು ಆಗ ಹೊರಬಂತು. ಇದನ್ನು ಬಳಸಿ ಕೋಟಿಗಟ್ಟಲೆ ಗಳಿಸುವ ಕಂಪನಿಗಳು ನಾಚಿಕೊಳ್ಳಬೇಕಾದ ಮಾತು ಇದು.

ಎಲ್ಲವೂ ಹೀಗೆಯೇ ಇಲ್ಲ. ಲಿನಕ್ಸ್‌ನ ತಿರುಳಿನ ಕೆಲಸ ಮಾಡುವವರಲ್ಲಿ ಹೆಚ್ಚಿನವರು ಇಂಟೆಲ್, ರೆಡ್ ಹ್ಯಾಟ್, ಗೂಗಲ್‌ನಂಥ ಕಂಪನಿಗಳಲ್ಲಿ ಸಂಬಳ ಪಡೆಯುವ ಎಂಜಿನಿಯರ್‌ಗಳು. ಲಿಬ್ರೆಆಫೀಸ್ ಹಿಂದೆ ಒಂದು ಪ್ರತಿಷ್ಠಾನ ಇದೆ. ಬೆಂಗಳೂರಿನ ಷೇರು ವ್ಯಾಪಾರದ ಕಂಪನಿ ಜೆರೋಧಾ 2024ರಲ್ಲಿ ಫ್ಲಾಸ್ ಫಂಡ್ ಶುರುಮಾಡಿ, ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವುದಾಗಿ ಹೇಳಿತು. ನಮ್ಮ ನೆಲದ ಕಂಪನಿಯೊಂದು ಹೀಗೆ ಮಾಡಿದ್ದು ನನಗೆ ತುಂಬಾ ಸಂತೋಷ ಕೊಟ್ಟ ಸುದ್ದಿ. ಲಿನಕ್ಸ್ ಮಿಂಟ್ ನಡೆಯುವುದು ಬಳಕೆದಾರರ ದೇಣಿಗೆ ಮತ್ತು ಪ್ರಾಯೋಜಕರಿಂದ. ನಿಮಗೆ ಅನುಕೂಲ ಆದರೆ ವರ್ಷಕ್ಕೊಮ್ಮೆ ಕೈಲಾದಷ್ಟು ಕಳಿಸಿ. ಇದು ಕಡ್ಡಾಯ ಅಲ್ಲ, ನನ್ನ ಕೋರಿಕೆ.

ಸಾಮಾನ್ಯ ಜನ ಇದನ್ನೆಲ್ಲ ಬಳಸುತ್ತಾರಾ ಎಂದು ಅನುಮಾನ ಇದ್ದರೆ ಪಕ್ಕದ ಕೇರಳ ನೋಡಿ. ಅಲ್ಲಿನ ಸರ್ಕಾರಿ, ಅನುದಾನಿತ ಶಾಲೆಗಳ ಮಕ್ಕಳು ಕಂಪ್ಯೂಟರ್ ಕಲಿಯುವುದು ಉಬುಂಟು ಎಂಬ ಲಿನಕ್ಸ್ ಆಧರಿಸಿ ಅವರೇ ಸಜ್ಜುಮಾಡಿಕೊಂಡ ಕೈಟ್ ಲಿನಕ್ಸ್ ಮೇಲೆ. ಹಿಂದೆ ಸರಿದವರೂ ಇದ್ದಾರೆ. ಜರ್ಮನಿಯ ಮ್ಯೂನಿಕ್ ನಗರ ಸುಮಾರು 15000 ಕಂಪ್ಯೂಟರ್‌ಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ವಿಂಡೋಸ್‌ಗೆ ಮರಳಲು ನಿರ್ಧರಿಸಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ 2024ರಲ್ಲಿ ಸುಮಾರು 30000 ಕಂಪ್ಯೂಟರ್‌ಗಳಿಗೆ ಲಿಬ್ರೆಆಫೀಸ್ ಹಾಕಲು ಹೊರಟಿತು. ಕೇರಳದಲ್ಲಿ ಶಿಕ್ಷಕರಿಗೇ ಮೊದಲು ತರಬೇತಿ ಕೊಟ್ಟರು. ಅಲ್ಲಿ ಲಿನಕ್ಸ್ ಗಟ್ಟಿಯಾಗಿ ಉಳಿದದ್ದಕ್ಕೆ ನನಗೆ ಕಾಣುವ ದೊಡ್ಡ ಕಾರಣ ಅದೇ. ನಿಮಗೂ ಅಷ್ಟೇ: ಮೊಮ್ಮಗ ಹಾಕಿಕೊಟ್ಟು ಮಾರನೇ ದಿನ ಬಸ್ ಹತ್ತಬಾರದು. ಒಂದು ವಾರ ಪಕ್ಕದಲ್ಲಿ ಇರಲಿ. ಅಪ್‌ಡೇಟ್ ಹಾಕುವುದು, ಪೆನ್‌ಡ್ರೈವ್‌ಗೆ ನಕಲು ಮಾಡುವುದು, ಕೀಬೋರ್ಡ್ ಕನ್ನಡಕ್ಕೆ ತಿರುಗಿಸುವುದು, ಇವನ್ನು ನಿಮ್ಮ ಕೈಯಿಂದಲೇ ಮಾಡಿಸಲಿ.

ಕೊನೆಗೆ ಫೋನಿನ ಸುದ್ದಿ. ಪೂರ್ತಿ ನಿಷೇಧ ಅಲ್ಲ, ಆದರೆ ಸುಳ್ಳೂ ಅಲ್ಲ. ಆಂಡ್ರಾಯ್ಡ್ ಫೋನಿಗೆ ಪ್ಲೇ ಸ್ಟೋರ್ ಹೊರಗಿನಿಂದ ಆ್ಯಪ್ ಹಾಕಬೇಕಾದರೂ, ಅದನ್ನು ಮಾಡಿದವರು ತಮ್ಮ ಗುರುತನ್ನು ಗೂಗಲ್ ಹತ್ತಿರ ದಾಖಲಿಸಿರಬೇಕು ಎಂಬ ನಿಯಮವನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಹೇಳಿತು. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ನಲ್ಲಿ, ಆಮೇಲೆ 2027ರಿಂದ ಉಳಿದ ಕಡೆ ಎಂಬುದು ಆಗ ಹೇಳಿದ ಲೆಕ್ಕ. ಓಪನ್ ಸೋರ್ಸ್ ಆ್ಯಪ್‌ಗಳನ್ನೇ ಹಂಚುವ ಎಫ್-ಡ್ರಾಯ್ಡ್ ಇದನ್ನು ಬಲವಾಗಿ ವಿರೋಧಿಸಿತು. ನವೆಂಬರ್‌ನಲ್ಲಿ ಗೂಗಲ್ ಸ್ವಲ್ಪ ಸಡಿಲಿಸಿ, ಅನುಭವ ಇರುವವರು ಅಪಾಯ ಒಪ್ಪಿಕೊಂಡು ಹಾಕಿಕೊಳ್ಳುವ ದಾರಿ ಇಡುತ್ತೇವೆ ಎಂದಿತು. ನನ್ನ ಫೋನಿನಲ್ಲಿ ಯಾವ ಆ್ಯಪ್ ಇರಬೇಕು ಎಂದು ಕಂಪನಿಯೊಂದು ತೀರ್ಮಾನಿಸುವುದು ನನಗೆ ಒಪ್ಪಿಗೆ ಇಲ್ಲ, ಆ ದಾರಿ ನಿಜವಾಗಿಯೂ ತೆರೆದಿರಬೇಕು.

ಆದರೆ ಗೂಗಲ್ ಹೇಳುವ ಅಪಾಯ ನಮ್ಮಲ್ಲಿ ಮನೆಮನೆಗೂ ಬಂದಿದೆ. ಮದುವೆ ಆಮಂತ್ರಣ, ಟ್ರಾಫಿಕ್ ದಂಡ, ಪಿಎಂ ಕಿಸಾನ್ ಎಂದು ಹೇಳಿಕೊಂಡು ವಾಟ್ಸಾಪ್‌ನಲ್ಲಿ ಎಪಿಕೆ ಫೈಲುಗಳು, ಅಂದರೆ ಒತ್ತಿದರೆ ಆ್ಯಪ್ ಹಾಕುವ ಫೈಲುಗಳು, ಬರುತ್ತವೆ. ಗುರುತಿರುವವರ ನಂಬರಿನಿಂದಲೇ ಬರಬಹುದು, ಅವರ ಫೋನ್ ಆಗಲೇ ಕಳ್ಳರ ಕೈಗೆ ಸಿಕ್ಕಿರುತ್ತದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದು ಇದ್ದರೆ ಒತ್ತಲೇಬೇಡಿ, ಅಳಿಸಿಬಿಡಿ. ಅಪ್ಪಿತಪ್ಪಿ ಒತ್ತಿ ಹಾಕಿಸಿಕೊಂಡಿದ್ದರೆ ತಕ್ಷಣ ಫೋನಿನ ಡೇಟಾ, ವೈಫೈ ಎರಡನ್ನೂ ಆರಿಸಿ, ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ. ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ.